ಲಾ ಗಾರ್ಸಾದ ಹನ್ನೆರಡು ಪೇಸೊ

ಮೆರಿದಾ, 4 ಮಾರ್ಚ್ 1979, ಭಾನುವಾರ

ನಿಲ್ಲಿಸಿ! ಆರೂ ಹೊಲಿಗೆ ಯಂತ್ರ ನಿಲ್ಲಿಸಿ! ತೊರೆಯೋನ್ ನಗರದ ಹೆಣ್ಣುಮಕ್ಕಳೇ, ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿಟ್ಟು ಇತ್ತ ಕಿವಿಗೊಡಿ! ಬಾಗಿಲ ಬಳಿ ಕೂತವರು ಮುಂದಕ್ಕೆ ಬನ್ನಿ, ಕತ್ತರಿ ಹಿಡಿದವಳು ಕತ್ತರಿ ಕೆಳಗಿಡಲಿ. ನಿಮ್ಮ ಯಜಮಾನಿ, ಅಂದರೆ ನನ್ನ ತಂಗಿ ಡೊಮಿತಿಲಾ, ನನ್ನ ಕಾಗದವನ್ನು ಒಬ್ಬಳೇ ಓದಿಕೊಳ್ಳುವವಳಲ್ಲ, ನಿಮಗೆಲ್ಲ ಕೇಳಿಸುವಂತೆ ಓದುತ್ತಾಳೆಂದು ನನಗೆ ಗೊತ್ತು. ನಲವತ್ತು ವರ್ಷ ಡೇರೆ ನಾಟಕಗಳಲ್ಲಿ ರಾಜನಾಗಿ, ಕಳ್ಳನಾಗಿ, ಎರಡು ಸಲ ವಿಧವೆಯಾಗಿ ಗರ್ಜಿಸಿದ ಈ ನಿಕನೋರನ ಗಂಟಲು ಅಂಚೆಯಲ್ಲಿ ಬಂದರೂ ಹಿಂದಿನ ಬೆಂಚಿಗೆ ತಲುಪಲೇಬೇಕು!

ತಂಗೀ, ಮೊದಲು ವ್ಯವಹಾರ. ಮಾವ ಅಸುನ್ಸಿಯೋನ್ ಸಾಯುವಾಗ ತನ್ನ ಬಾರನ್ನು ಎರಡು ಬೀದಿ ಆಚೆ ಇರುವ ನನಗೆ ಬಿಡಲಿಲ್ಲ. ಮೂವತ್ತು ವರ್ಷದ ಹಿಂದೆ ರೈಲ್ವೆಯವನನ್ನು ಮದುವೆಯಾಗಿ ಉತ್ತರಕ್ಕೆ ಹೋದ ನಿನಗೆ ಬಿಟ್ಟ. ಇರಲಿ, ನನಗೇನೂ ಬೇಜಾರಿಲ್ಲ. (ಈ ವಾಕ್ಯವನ್ನು ಸ್ವಲ್ಪ ಜೋರಾಗಿ ಓದು.) ಟೈರ್ ವ್ಯಾಪಾರಿ ಗಾಸ್ಪಾರ್ ಅದನ್ನು ಕೊಂಡು ಗೋದಾಮು ಮಾಡುತ್ತಾನಂತೆ, ಏಪ್ರಿಲ್ ಮೂವತ್ತರೊಳಗೆ ನಿನ್ನ ಉತ್ತರ ಬೇಕಂತೆ. ಮಾರುವುದೋ ಇಟ್ಟುಕೊಳ್ಳುವುದೋ ತೀರ್ಮಾನಿಸಲು ನೀನು ಗೆರೆ ಎಳೆದ ಕಾಗದ ಕಳಿಸಿದ್ದೀ: ಬಾರಿನ ಹೆಸರು, ಬೆಲೆ, ಗುಣಮಟ್ಟ. ಇದೋ, ಪರದೆ ಏಳುತ್ತಿದೆ!

ಎಲ್ ಆಂಕ್ಲಾ. ಬಿಯರ್ ಏಳು ಪೇಸೊ. ಊರಲ್ಲೇ ಅಗ್ಗ. ಕುರ್ಚಿ ತಗಡಿನವು, ಬಿಸಿಲ ಹೊತ್ತಿಗೆ ಪೃಷ್ಠಕ್ಕೆ ಇಸ್ತ್ರಿ ಆಗುತ್ತದೆ. ಮೇಜಿನ ಮೇಲೆ ಕಡಲೆಕಾಯಿ. ಎಣಿಸಿದೆ, ಹದಿನಾಲ್ಕು. ಮೂರನೆಯ ಬಾಟಲಿಗೂ ಅದೇ ಹದಿನಾಲ್ಕು.

ಎಲ್ ಪೋರ್ವೆನೀರ್. ಒಂಬತ್ತು ಪೇಸೊ. ಫ್ಯಾನ್ ಉಂಟು, ತಿರುಗುವುದೂ ಉಂಟು. ಕಪ್ಪು ಬೀನ್ಸ್‌ಕಾಳಿನ ಸಾರು ಎಷ್ಟು ತೆಳ್ಳಗೆಂದರೆ ಬಟ್ಟಲಿನ ತಳದಲ್ಲಿ ಬರೆದ ಹೂವು ಕಾಣುತ್ತದೆ.

ಲಾ ಗಾರ್ಸಾ. ನಿನ್ನದು. ಹನ್ನೆರಡು ಪೇಸೊ! ಮೊದಲ ಸುತ್ತಿಗೆ ಹುಳಿ ಕಿತ್ತಳೆ ಹಿಂಡಿದ ಗೆಡ್ಡೆಯ ಹೋಳು, ಮೇಲೆ ಖಾರದಪುಡಿ. ಎರಡನೆಯದಕ್ಕೆ ಸುಟ್ಟ ಟೊಮೆಟೊ ಹಾಕಿ ಅರೆದ ಕುಂಬಳಬೀಜದ ಚಟ್ನಿ. ಮೂರನೆಯದಕ್ಕೆ ಗಟ್ಟಿ ಬೀನ್ಸ್. ನಾಲ್ಕನೆಯದಕ್ಕೆ ಬಾಳೆ ಎಲೆಯಲ್ಲಿ ಸುತ್ತಿ, ನೆಲದ ಗುಂಡಿಯಲ್ಲಿ ಬೇಯಿಸಿದ ಹಂದಿಮಾಂಸ. ಅಯ್ಯೋ ನನ್ನವ್ವಾ! ಐದನೆಯದಕ್ಕೆ ಏನು ಬರುತ್ತದೆಂದು ನನಗೂ ತಿಳಿಯದು, ಯಾವತ್ತೂ ನಾಲ್ಕಕ್ಕೇ ನಾನು ಕುರ್ಚಿಗೆ ಒರಗುವವನು.

ಬಿಯರಿನ ಗುಣಮಟ್ಟ ಕೇಳಿದ್ದೀ. ಮೂರು ಕಡೆಯೂ ಒಂದೇ ಕಾರ್ಖಾನೆಯದು, ಒಂದೇ ಬಾಟಲಿ, ಒಂದೇ ಮಂಜುಗಡ್ಡೆ ಗಾಡಿ. ಆದರೂ ಮೂರರಲ್ಲಿ ಲಾ ಗಾರ್ಸಾವೇ ಮೇಲು. ಒಮ್ಮೆ ಕೂತೆದ್ದವರಿಗೆ ಯಾರಿಗಾದರೂ ತಿಳಿಯುವ ಮಾತು.

ನಿನ್ನ ಅಣ್ಣ,
ನಿಕನೋರ್

*

ತೊರೆಯೋನ್, 14 ಮಾರ್ಚ್ 1979

ಅಣ್ಣಾ,

ಓದಿದೆ. ಹುಡುಗಿಯರು ನಕ್ಕು ನಕ್ಕು ಎರಡು ಕಾಲರ್ ತಿರುವುಮುರುವು ಹೊಲಿದರು. ನಷ್ಟ ನನ್ನದು.

ಕೂತೆದ್ದವರಿಗೆ ತಿಳಿಯುತ್ತದೆ ಎನ್ನುತ್ತೀ. ನಾನು ಕೂರುವುದು ಹೇಗೆ? ಬಾಗಿಲ ಮೇಲಿನ ಹಲಗೆ ಮರೆತೆಯಾ: ಹೆಂಗಸರು, ಚಿಕ್ಕವರು, ಸಮವಸ್ತ್ರದವರು, ನಾಯಿಗಳು ಒಳಗೆ ಬರಕೂಡದು. ಕಟ್ಟಡ ನನ್ನದು, ಹಲಗೆ ನನ್ನದು, ಅದರ ತಿರುಪು ನನ್ನದು. ಹೊಸ್ತಿಲು ದಾಟಿದರೆ ಮಾತ್ರ ನಾನೂ ನಾಯಿಯೂ ಒಂದೇ ಸಾಲು. ಅದಕ್ಕೇ ನಿನ್ನನ್ನು ಕಳಿಸಿದ್ದು.

ನಾನು ಶಾಲೆ ಸಮವಸ್ತ್ರ ಹೊಲಿಯುವವಳು. ಅದೇ ಬಟ್ಟೆ, ಅದೇ ಗುಂಡಿ, ಅದೇ ನೂಲು. ಪಕ್ಕದವಳು ಏಳಕ್ಕೆ ಕೊಡುವ ಅಂಗಿಯನ್ನು ನಾನು ಹನ್ನೆರಡು ಅಂದರೆ ಯಾರು ಬರುತ್ತಾರೆ? ಬಿಯರ್ ಒಂದೇ, ಮಂಜು ಒಂದೇ ಎಂದು ನೀನೇ ಬರೆದಿದ್ದೀ. ಹಾಗಿದ್ದ ಮೇಲೆ ಮಾವ ಐದು ಪೇಸೊ ಹೆಚ್ಚು ಕಿತ್ತುಕೊಂಡದ್ದು ಯಾತಕ್ಕೆ? ಅವನು ದುರಾಸೆಯವನಾಗಿರಬೇಕು, ಇಲ್ಲವೇ ಲೆಕ್ಕ ಬಾರದವನಾಗಿರಬೇಕು.

ಇನ್ನೊಂದು. ನೀನು ತಿಂದದ್ದನ್ನು ಒಂದು ಪುಟ ಬರೆದಿದ್ದೀ, ಅದರ ಬೆಲೆ ಎಲ್ಲೂ ಬರೆದಿಲ್ಲ. ಹುಡುಗಿಯರಲ್ಲಿ ಚೋಲೆ ಹೇಳಿದಳು: "ಅಮ್ಮಾ, ನಿಮ್ಮಣ್ಣ ನಿಮ್ಮ ಹೆಸರಲ್ಲಿ ಹೊಟ್ಟೆ ತುಂಬಿಸ್ಕೊಂಡು, ಬಾಯಿ ಒರೆಸ್ಕೊಂಡು, ಆಮೇಲೆ ವರದಿ ಬರೀತಾರೆ." ನಾನು ಇಲ್ಲ ಎನ್ನಲಿಲ್ಲ.

ತಟ್ಟೆಗೆ ಎಷ್ಟು, ಬರೆದು ಕಳಿಸು.

ಡೊಮಿತಿಲಾ

*

ತೊರೆಯೋನ್, 20 ಮಾರ್ಚ್

ಅಣ್ಣಾ,

ನಿನ್ನ ಉತ್ತರಕ್ಕೆ ಕಾಯಲು ನನಗೆ ಹೊತ್ತಿಲ್ಲ. ಬಾರ್ ನೋಡಿಕೊಳ್ಳುವ ಫೆರ್ಮಿನನಿಗೆ ನೇರ ಬರೆದಿದ್ದೇನೆ. ಏಪ್ರಿಲ್ ಎರಡು, ಸೋಮವಾರದಿಂದ ಲಾ ಗಾರ್ಸಾದಲ್ಲಿ ಬಿಯರ್ ಏಳು ಪೇಸೊ, ಎಲ್ ಆಂಕ್ಲಾದ ಹಾಗೆಯೇ. ತಿನ್ನುವುದಕ್ಕೆ ತಟ್ಟೆಗಿಷ್ಟೆಂದು ಬೆಲೆ ಬರೆದು ಗೋಡೆಗೆ ಹಾಕಬೇಕು. ಜನ ಹೆಚ್ಚಿದರೆ ಇಟ್ಟುಕೊಳ್ಳುತ್ತೇನೆ, ಇಲ್ಲದಿದ್ದರೆ ಗಾಸ್ಪಾರನಿಗೆ ಮಾರುತ್ತೇನೆ.

ನಿನಗೆ ಮೊದಲೇ ಹೇಳಿದರೆ ಅಲ್ಲೇ ರಂಗ ಕಟ್ಟಿಬಿಡುತ್ತೀ. ಅದಕ್ಕೆ ಈ ಕಾಗದವನ್ನು ಒಂದು ವಾರ ಡಬ್ಬಿಯಲ್ಲಿಟ್ಟು ಆಮೇಲೆ ಅಂಚೆಗೆ ಹಾಕುತ್ತೇನೆ.

ಡೊ.

*

ಮೆರಿದಾ, 24 ಮಾರ್ಚ್ 1979

ಹೆಣ್ಣುಮಕ್ಕಳೇ, ಮತ್ತೊಮ್ಮೆ ಯಂತ್ರ ನಿಲ್ಲಿಸಿ! ಚೋಲೆ ಎಂಬವಳು ಎದ್ದು ನಿಲ್ಲಲಿ! ಬಾಯಿ ಒರೆಸಿಕೊಂಡೆ, ಹೌದು. ನನ್ನದೇ ಕರವಸ್ತ್ರದಿಂದ!

ತಂಗೀ, ನಿನ್ನ ಹದಿನಾಲ್ಕರ ಕಾಗದ ಬಂತು. ತಟ್ಟೆಗೆ ಎಷ್ಟು ಅಂದರೆ ಏನೇ? ನಾಟಕದ ಟಿಕೆಟ್ಟು ಕೊಂಡವನು ಪರದೆಗೆಷ್ಟು, ದೀಪಕ್ಕೆಷ್ಟು ಎಂದು ಕೇಳುತ್ತಾನೆಯೇ? ನೀನು ಏನು ಕೇಳುತ್ತಿದ್ದೀ ಎಂದೇ ನನಗೆ ಅರ್ಥವಾಗಲಿಲ್ಲ. ಆ ಸಾಲನ್ನು ಮತ್ತೆ ಖಾಲಿ ಬಿಟ್ಟಿದ್ದೇನೆ.

ಅದಕ್ಕಿಂತ ದೊಡ್ಡ ಒಗಟು ನನ್ನ ತಲೆ ಹೊಕ್ಕಿದೆ. ಐದನೆಯ ಸುತ್ತಿಗೆ ಬರುವುದೇನು? ಅದನ್ನು ಕಳಿಸುವವರು ಯಾರು? ಬಾರಿನ ಹಿಂಗೋಡೆಯಲ್ಲಿ ಒಂದು ಕಿಂಡಿ ಇದೆ, ಬ್ರೆಡ್ಡಿನ ತಟ್ಟೆ ದಾಟುವಷ್ಟು ಅಗಲ. ಹನ್ನೊಂದು ವರ್ಷದಿಂದ ಅಲ್ಲಿ ಎರಡು ಕೈ ಮಾತ್ರ ಕಂಡಿದ್ದೇನೆ. ಬಲ ಮಣಿಕಟ್ಟಿನಲ್ಲಿ ಎಲೆಯಾಕಾರದ ಸುಟ್ಟ ಗಾಯ, ಎಡಗೈಯಲ್ಲಿ ತವರದ ಉಂಗುರ. ಮುಖವಿಲ್ಲ, ಮಾತಿಲ್ಲ. ಫೆರ್ಮಿನ್ ಖಾಲಿ ಬಾಟಲಿಯನ್ನು ಕಟ್ಟೆಯ ಮೇಲೆ ಟಕ್ ಎಂದು ಇಡುತ್ತಾನೆ, ಆ ಕೈಗಳು ಶಬ್ದ ಎಣಿಸಿ ಸುತ್ತಿಗೆ ತಕ್ಕ ತಟ್ಟೆ ಹೊರಗೆ ತಳ್ಳುತ್ತವೆ.

ಮೊನ್ನೆ ನಾನು ಬಗ್ಗಿ ಇಣುಕಿದೆ. ಫೆರ್ಮಿನ್ ಒದ್ದೆ ಬಟ್ಟೆಯಿಂದ ನನ್ನ ಮೂಗಿಗೆ ಒಂದು ಕೊಟ್ಟ.

"ಏನ್ ಹುಡುಕ್ತಿದೀರಿ, ದೋನ್ ನಿಕನೋರ್? ನಿಮ್ಮ ಹಲ್ಲು ಬಿತ್ತಾ ಅಲ್ಲಿ?"

"ಯಾರಯ್ಯಾ ಅದು ಒಳಗೆ?"

"ಅಡುಗೆಮನೆ."

"ಅಡುಗೆಮನೆಗೆ ಉಂಗುರ ಇರುತ್ತೇನೋ?"

"ಇರುತ್ತೆ. ನೀವು ಕೂತ್ಕೊಳಿ, ಚಟ್ನಿ ಆರೋಗ್ತದೆ."

ಪಕ್ಕದ ಮೇಜಿನಿಂದ ಕ್ಷೌರಿಕ ಸಬಾಸ್ ಕೂಗಿದ: "ಬಿಡಿ ದೋನ್, ಮುಖ ನೋಡಿದ್ಮೇಲೆ ಅರ್ಧ ನಾಟಕ ಹಾಳಾಗಿದ್ದನ್ನ ನೀವೇ ಕಂಡಿದೀರಿ!" ಇಡೀ ಬಾರು ನನ್ನನ್ನು ನೋಡಿ ನಕ್ಕಿತು. ನಾನು ಎದ್ದು ನಮಸ್ಕರಿಸಿದೆ, ಇನ್ನೇನು ಮಾಡಲಿ.

ಆದರೂ ಬಿಡುವವನಲ್ಲ. ಹಿಂದಿನ ಓಣಿಯಲ್ಲಿ ಒಂದು ಬಾಗಿಲಿದೆಯಂತೆ.

ನಿಕನೋರ್

*

ಮೆರಿದಾ, 3 ಏಪ್ರಿಲ್ 1979

ಡೊಮಿತಿಲಾ!

ಯಂತ್ರಗಳು ಓಡುತ್ತಲೇ ಇರಲಿ. ಇವತ್ತು ನಿನ್ನೊಬ್ಬಳಿಗೇ ಕೂಗುತ್ತೇನೆ. ನಿನ್ನ ಇಪ್ಪತ್ತರ ಕಾಗದ ನನ್ನ ಕೈಗೆ ಬಂದದ್ದು ಇವತ್ತು. ಅನಾಹುತ ಆಗಿಹೋದದ್ದು ನಿನ್ನೆ.

ನಿನ್ನೆ ಹನ್ನೆರಡೂವರೆಗೆ ಒಳಗೆ ಹೋದೆ. ಗೋಡೆಯ ಮೇಲೆ ಕರಿಹಲಗೆ. ಬಿಯರ್ 7. ಚಟ್ನಿ 4. ಬೀನ್ಸ್ 5. ಹಂದಿಮಾಂಸ 11. ಅದರ ಕೆಳಗೆ ಫೆರ್ಮಿನ್ ತನ್ನ ತಾಯಿಯನ್ನು ಮಣ್ಣುಮಾಡಿ ಬಂದವನಂತೆ ನಿಂತಿದ್ದ. ಸಬಾಸ್ ಎರಡು ಸಲ ಓದಿದ.

"ಇದೇನಯ್ಯಾ, ಆಸ್ಪತ್ರೆ ಬಿಲ್ಲಾ?"

"ಯಜಮಾನಿ ಕಾಗದ ಬಂದಿದೆ."

"ಬಿಯರ್ ಅಗ್ಗ ಆಯ್ತಲ್ಲ, ಕುಡೀಬಹುದು," ಎಂದ ಇನ್ನೊಬ್ಬ.

"ಬಿಯರ್ ಕುಡಿಯೋಕೆ ನಮ್ಮನೇಲಿ ಜಾಗ ಇಲ್ವಾ?" ಸಬಾಸ್ ಟೋಪಿ ಹಾಕಿಕೊಂಡ. "ಇಷ್ಟು ವರ್ಷ ಇಲ್ಲಿ ಅತಿಥಿ ಆಗಿದ್ದೆ ಕಣೋ ಫೆರ್ಮಿನ್. ಇವತ್ತು ಗಿರಾಕಿ ಮಾಡ್ಬಿಟ್ರಿ." ಹೋಗಿಬಿಟ್ಟ. ಅವನ ಹಿಂದೆ ನಾಲ್ಕು ಮೇಜು ಎದ್ದವು. ಒಂದು ಗಂಟೆಗೆ ಅಲ್ಲಿ ಉಳಿದದ್ದು ನಾನು, ಫೆರ್ಮಿನ್ ಮತ್ತು ಬಾಗಿಲ ಆಚೆ ಕೂತು ಒಳಗೆ ನೋಡುತ್ತಿದ್ದ ಟೈರ್ ಗಾಸ್ಪಾರ್.

ನಾನು ಕಿಂಡಿಯ ಕಡೆ ನೋಡಿದೆ. ಕೈಗಳಿರಲಿಲ್ಲ.

ಓಣಿಗೆ ಓಡಿದೆ. ಹಿಂಬಾಗಿಲ ಮೆಟ್ಟಿಲ ಮೇಲೆ ಅರವತ್ತರ ಹೆಂಗಸೊಬ್ಬಳು, ಬಿಳಿ ಕಸೂತಿ ಲಂಗ, ಮಡಿಲಲ್ಲಿ ಮಡಚಿದ ಕೈ. ತವರದ ಉಂಗುರ! ದೋನ್ಯಾ ಕ್ರಿಸಾಂತಾ ಅಂತೆ. ಹದಿನೆಂಟು ವರ್ಷದಿಂದ ಈ ಹಿಂಬಾಗಿಲಿಂದ ಬಂದು ಹಿಂಬಾಗಿಲಿಂದಲೇ ಹೋಗಿದ್ದಾಳೆ. ಬಾರಿನ ಒಳಗು ಹೇಗಿದೆ ಎಂದು ಒಮ್ಮೆಯೂ ನೋಡಿಲ್ಲ. ನಾನು ನನ್ನ ಹೆಸರು ಹೇಳಿದೆ.

"ಗೊತ್ತು," ಅಂದಳು. "ಮೂರನೇ ಮೇಜು. ಖಾರ ಬಿಟ್ಟು ಮಿಕ್ಕಿದ್ದೆಲ್ಲ ತಿಂತೀರಿ. ತಟ್ಟೆ ವಾಪಸ್ ಬಂದಾಗ ಹಬನೇರೊ ಮೆಣಸಿನಕಾಯಿ ಅಂಚಲ್ಲಿ ಕೂತಿರುತ್ತೆ, ಮದುವೆಗೆ ಕರೀದೇ ಇರೋ ಅತ್ತೆ ಥರ."

"ನಾಳೆಯಿಂದ ಬರಲ್ವಾ, ಅಕ್ಕಾ?"

"ಬಂದು ಏನ್ ಮಾಡ್ಲಿ? ಬೆಲೆ ಹಾಕಿದ್ಮೇಲೆ ಅವ್ರು ಅವ್ರಿಗೆ ಬೇಕಾದ್ದು ಕೇಳ್ತಾರೆ. ಇಷ್ಟು ದಿನ ನಂಗೆ ಬೇಕಾದ್ದು ನಾನು ಕಳಿಸ್ತಿದ್ದೆ."

ತಂಗೀ, ಬಾರಿನಲ್ಲಿ ತಟ್ಟೆಗೆ ಬೆಲೆಯೇ ಇಲ್ಲ. ಬಾಟಲಿಗೆ ಕೊಟ್ಟ ದುಡ್ಡಿನಲ್ಲೇ ತಟ್ಟೆ ಬರುತ್ತದೆ, ಸುತ್ತು ಹೆಚ್ಚಿದಷ್ಟು ಒಳ್ಳೆಯ ತಟ್ಟೆ. ಆಂಕ್ಲಾದ ಏಳು ಪೇಸೊಗೆ ಹದಿನಾಲ್ಕು ಕಡಲೆಕಾಯಿ, ನಿನ್ನ ಹನ್ನೆರಡಕ್ಕೆ ಮಧ್ಯಾಹ್ನದ ಊಟ! ಇದು ಹುಟ್ಟಿದ ಮಗುವಿಗೂ ಗೊತ್ತು. ನಿನಗೆ ಹೇಗೆ ಗೊತ್ತಿಲ್ಲ? ಹೇಗೆ?

ನಿಕನೋರ್

*

ತೊರೆಯೋನ್, 14 ಏಪ್ರಿಲ್ 1979, ಶನಿವಾರ

ಅಣ್ಣಾ,

ಈ ಕಾಗದವನ್ನು ಯಾರಿಗೂ ಓದಿ ಹೇಳಿಲ್ಲ. ನೀನೂ ಕೂಗಬೇಡ.

ಹುಟ್ಟಿದ ಮಗುವಿಗೂ ಗೊತ್ತು ಎಂದು ಬರೆದಿದ್ದೀ. ಹುಟ್ಟಿದ ಗಂಡುಮಗುವಿಗೆ ಗೊತ್ತಿರಬಹುದು. ನನಗೆ ಯಾರು ಹೇಳಬೇಕಿತ್ತು? ಹುಡುಗಿಯರನ್ನು ಕೇಳಿದೆ. ಆರು ಜನ, ಅವರಲ್ಲಿ ನಾಲ್ವರಿಗೆ ಗಂಡಂದಿರು. ಒಬ್ಬಳಿಗೂ ಗೊತ್ತಿರಲಿಲ್ಲ. ನೀವೆಸ್ ಮಾತ್ರ ಕತ್ತರಿ ಕೆಳಗಿಟ್ಟು, "ಓ, ಅದಕ್ಕಾ," ಎಂದಳು.

ನನಗೂ ನನ್ನ ಗಂಡ ನೆನಪಾದ. ಎವಾರಿಸ್ತೊ ಇದ್ದಷ್ಟು ಕಾಲ ಪ್ರತಿ ಶನಿವಾರ ರೈಲ್ವೆಯವರ ಬಾರಿಗೆ ಹೋಗಿ ನಾಲ್ಕು ಗಂಟೆಗೆ ಬರುತ್ತಿದ್ದ. ಆ ದಿನ ನಾನು ವಾರದಲ್ಲೇ ಒಳ್ಳೆಯ ಅಡುಗೆ ಮಾಡುತ್ತಿದ್ದೆ. ಅವನು ಮೇಜಿಗೆ ಕೂತು, ತಟ್ಟೆ ನೋಡಿ, ಹಸಿವಿಲ್ಲ ಎನ್ನುತ್ತಿದ್ದ. ಎಲ್ಲಿ ಊಟ ಆಯ್ತು ಅಂದರೆ, "ಎಲ್ಲೂ ಇಲ್ಲ." ಯಾರು ಹಾಕಿದರು ಅಂದರೆ, "ಯಾರೂ ಹಾಕ್ಲಿಲ್ಲ ಕಣೇ, ಬಂತು, ತಿಂದೆ." ನಗುತ್ತಿದ್ದ.

ಬಂತು, ತಿಂದೆ. ಇದು ಸುಳ್ಳಲ್ಲದೆ ಇನ್ನೇನು ಎಂದುಕೊಂಡಿದ್ದೆ. ಊರಲ್ಲಿ ಇನ್ನೊಂದು ಅಡುಗೆಮನೆ ಇದೆ, ಇನ್ನೊಬ್ಬಳು ಬಡಿಸುತ್ತಾಳೆ ಎಂದುಕೊಂಡೆ. ಕೇಳಲಿಲ್ಲ. ಶನಿವಾರ ಹೊಲಿಯುತ್ತಾ ಕೂರುವ ಅಭ್ಯಾಸ ಆಗ ಶುರುವಾದದ್ದು. ಆಮೇಲೆ ಅದೇ ಈ ಕಾರ್ಖಾನೆ ಆಯಿತು. ಅವನು ಸತ್ತಾಗ ಶವದ ಹತ್ತಿರ ಬಂದ ಹೆಂಗಸರ ಮುಖವನ್ನೆಲ್ಲ ಒಂದೊಂದಾಗಿ ನೋಡಿದೆ, ಅಣ್ಣಾ. ಯಾರ ಕೈಯಲ್ಲಿ ಬೀನ್ಸ್ ಚೆನ್ನಾಗಿ ಆಗುತ್ತದೆ ಎಂದು ಯೋಚಿಸಿದೆ.

ಗಾಸ್ಪಾರ್ ಮತ್ತೆ ಬರೆದಿದ್ದಾನೆ. ಬಾರು ಖಾಲಿ ಇದೆ, ಬೆಲೆ ಇಳಿಸಿ ಕೊಡಿ ಎನ್ನುತ್ತಾನೆ. ಹನ್ನೆರಡು ಪೇಸೊಗೆ ಏನು ಬರುತ್ತದೆ ಎಂದು ಕಣ್ಣಾರೆ ನೋಡದೆ ನಾನು ಹೂಂ ಅನ್ನುವುದೂ ಇಲ್ಲ, ಉಹೂಂ ಅನ್ನುವುದೂ ಇಲ್ಲ. ಆದರೆ ಬಾಗಿಲ ಮೇಲೆ ಆ ಹಲಗೆ ಇದೆಯಲ್ಲ.

ಡೊಮಿತಿಲಾ

*

ಮೆರಿದಾ, 21 ಏಪ್ರಿಲ್

ತಂಗೀ,

ಕೂಗುತ್ತಿಲ್ಲ, ನೋಡು, ಅಕ್ಷರವೂ ಚಿಕ್ಕದು.

ಅರವತ್ತೊಂದರಲ್ಲಿ ನಮ್ಮ ಕಂಪನಿ ತೊರೆಯೋನಿಗೆ ಬಂದಾಗ ಒಂದು ಶನಿವಾರ ಎವಾರಿಸ್ತೊ ನನ್ನನ್ನು ಆ ಬಾರಿಗೆ ಕರೆದೊಯ್ದಿದ್ದ. ಮೂರನೆಯ ತಟ್ಟೆಗೆ ಬೀನ್ಸ್ ಬಂತು. ಒಂದು ಚಮಚ ತಿಂದು ನನ್ನ ಕಿವಿಯಲ್ಲಿ ಹೇಳಿದ: "ಡೊಮಿ ಮಾಡೋದರ ಮುಂದೆ ಇದು ಏನೂ ಅಲ್ಲ ಭಾವ. ಆದ್ರೆ ಬಂದಿದ್ದನ್ನ ಹೇಗೆ ಬಿಡೋದು?" ಬಿಡಲಿಲ್ಲ, ನನ್ನದನ್ನೂ ತಿಂದ. ಇದನ್ನು ನಿನಗೆ ಹೇಳಬೇಕು ಎಂದು ನನಗೆ ಯಾವತ್ತೂ ಹೊಳೆಯಲಿಲ್ಲ. ಅದೂ ಒಂದು ವಿಷಯವೇ ಎಂದು ಯಾರಿಗೆ ಗೊತ್ತಿತ್ತು.

ಭಾನುವಾರ ಬಾರಿಗೆ ರಜೆ. ಬಾರೇ ಇಲ್ಲದ ದಿನ ಹಲಗೆಗೆ ಏನು ಕೆಲಸ?

ಬಸ್ಸು ಹತ್ತು.

ನಿಕನೋರ್

*

ಮೆರಿದಾ, 28 ಏಪ್ರಿಲ್ 1979, ಶನಿವಾರ ಸಂಜೆ

ಹೊಲಿಗೆ ಕಾರ್ಖಾನೆಯ ಆರು ರಾಣಿಯರೇ! ಚೋಲೆ, ನೀನೇ ಓದು, ಮೇಜು ಹತ್ತಿ ನಿಂತು ಓದು! ನಿಮ್ಮ ಯಜಮಾನಿ ಎರಡು ದಿನ ಬಸ್ಸಿನಲ್ಲಿ ಕುಲುಕಿ ಇವತ್ತು ಮಧ್ಯಾಹ್ನ ಬಂದಿಳಿದಿದ್ದಾಳೆ. ಪಕ್ಕದ ಕೋಣೆಯಲ್ಲಿ ಜೋಳಿಗೆ ಹಾಸಿಗೆಯಲ್ಲಿ ಕಾಲು ಇಳಿಬಿಟ್ಟು ಮಲಗಿದ್ದಾಳೆ.

ಬಸ್ಸಿಳಿದವಳು ಮುಖ ಕೂಡ ತೊಳೆಯಲಿಲ್ಲ. ನೇರ ಲಾ ಗಾರ್ಸಾ. ಹೊಸ್ತಿಲ ಈಚೆ ನಿಂತಳು. ಒಳಗೆ ಒಂದೇ ಒಂದು ಮೇಜಿನಲ್ಲಿ ಜನ. "ಫೆರ್ಮಿನ್, ಆ ಕರಿಹಲಗೆ ಇಲ್ಲಿಗೆ ತಗೊಂಬಾ." ಅವನು ಹೊತ್ತು ತಂದ. ತನ್ನ ಶಾಲಿನ ತುದಿಯಿಂದ ನಾಲ್ಕು ಸಾಲನ್ನೂ ಒರೆಸಿದಳು, ಸೀಮೆಸುಣ್ಣ ಕೇಳಿ ಇಸಕೊಂಡು, ಬಿಯರ್ 12 ಎಂದು ಬರೆದಳು. ಎರಡು ಅಂಕೆ ನೆಟ್ಟಗೆ ಬರುವವರೆಗೆ ಮೂರು ಸಲ ಬರೆದಳು. ಎದುರಿನ ಕ್ಷೌರದಂಗಡಿಯಿಂದ ಸಬಾಸ್ ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಹೊರಗೆ ಬಂದು ನೋಡಿದ.

ಆಗಲೇ ಗಾಸ್ಪಾರ್ ಕಾಗದ ಹಿಡಿದುಕೊಂಡು ಬಂದ. "ಅಮ್ಮಾವ್ರೇ, ಸಹಿ ಇಲ್ಲೊಂದು, ಇಲ್ಲೊಂದು."

"ಸೋಮವಾರ ಬನ್ನಿ ದೋನ್ ಗಾಸ್ಪಾರ್," ಎಂದಳು. "ಮಧ್ಯಾಹ್ನ. ಹನ್ನೆರಡು ಪೇಸೊ ತನ್ನಿ, ಹೊಟ್ಟೆ ಖಾಲಿ ಇಟ್ಕೊಂಡು ಬನ್ನಿ."

"ಅಂದ್ರೆ?"

"ಅಂದ್ರೆ ಮಾರಲ್ಲ. ಯಾಕೆ ಅಂತ ನಂಗೂ ಸರಿಯಾಗಿ ಗೊತ್ತಿಲ್ಲ, ನಾಳೆ ತಿಂದು ಹೇಳ್ತೀನಿ."

ಹೆಣ್ಣುಮಕ್ಕಳೇ, ಇಂಥ ಮಾತು ನನಗೆ ನಲವತ್ತು ವರ್ಷದಲ್ಲಿ ಒಬ್ಬ ನಾಟಕಕಾರನೂ ಬರೆದುಕೊಡಲಿಲ್ಲ!

ದೋನ್ಯಾ ಕ್ರಿಸಾಂತಾಳನ್ನು ಒಪ್ಪಿಸಲು ನಾನು ಓಣಿಯ ಮೆಟ್ಟಿಲ ಮೇಲೆ ಒಂದು ಗಂಟೆ ಕೂತೆ. ಅಡುಗೆ ಮಾಡಲು ಮೊದಲ ಮಾತಿಗೇ ಒಪ್ಪಿದಳು, ಮಾಂಸ ಈಗಾಗಲೇ ಗುಂಡಿಯಲ್ಲಿದೆ. ಆದರೆ ಒಳಗೆ ಬಂದು ನನ್ನ ತಂಗಿಯ ಎದುರು ಕೂರಲು ಒಲ್ಲೆ ಅಂದಳು. "ನಾ ಅಲ್ಲಿ ಕೂತ್ರೆ ಕಿಂಡೀಲಿ ಯಾರು?" ನಾನಿದ್ದೇನೆ ಎಂದೆ. "ನೀವಾ? ಐದನೇದು ಎರಡನೇದಕ್ಕೇ ಕಳಿಸಿಬಿಡ್ತೀರಿ." ಐದನೆಯದು ಏನಕ್ಕಾ ಎಂದು ಮೆಲ್ಲಗೆ ಕೇಳಿದೆ. ನಕ್ಕಳೇ ಹೊರತು ಹೇಳಲಿಲ್ಲ. ಕೊನೆಗೆ, "ಆ ಮೇಜುಗಳು ಎಷ್ಟು ಎತ್ತರ ಇವೆ ಅಂತ ಮಾತ್ರ ನೋಡ್ಕೊಂಡು ಬರ್ತೀನಿ," ಎಂದು ಒಪ್ಪಿದಳು.

ಹೆಂಗಸರಿಗೂ ನಾಯಿಗಳಿಗೂ ಅಡ್ಡ ನಿಂತ ಆ ಬಾಗಿಲ ಹಲಗೆಯನ್ನು ಇವತ್ತು ಅಳೆದುಬಂದೆ. ಎರಡು ಮೊಳ ಉದ್ದ, ಒಂದು ಗೇಣು ಅಗಲ, ನಾಲ್ಕು ಮೂಲೆಗೆ ನಾಲ್ಕು ತಿರುಪು. ಸೋಮವಾರ ಅದು ಮತ್ತೆ ತನ್ನ ಜಾಗಕ್ಕೆ ಹೋಗಲೇಬೇಕು, ಕಾನೂನು ಕಾನೂನೇ. ಸಬಾಸನಿಂದ ತಿರುಪುಳಿ ತಂದಿಟ್ಟುಕೊಂಡಿದ್ದೇನೆ, ಸೊಂಟಕ್ಕೆ ಕಟ್ಟಲು ಫೆರ್ಮಿನನ ಬಿಳಿ ಬಟ್ಟೆ ಒಗೆದು ಹರವಿದ್ದೇನೆ.

ನಾಳೆ ಬೆಳಗ್ಗೆ ಎಂಟಕ್ಕೆ ಆ ನಾಲ್ಕೂ ತಿರುಪು ಬಿಚ್ಚುತ್ತೇನೆ. ಹಲಗೆಯನ್ನು ಮಗುಚಿ ಎರಡೂ ಕೈಯಲ್ಲಿ ಹಿಡಿದು, ಅದರ ಬೆನ್ನ ಮೇಲೆ ಐದು ಸುತ್ತಿನ ತಟ್ಟೆಗಳನ್ನು ಒಂದಾದಮೇಲೊಂದರಂತೆ ಇಟ್ಟುಕೊಂಡು, ಮೂರನೆಯ ಮೇಜಿನಲ್ಲಿ ಕೂತ ಇಬ್ಬರು ಹೆಂಗಸರಿಗೆ ಬಡಿಸುತ್ತೇನೆ.